ಬಸ್ಸು ಎಲ್ಲೈತ್ರೀ?

ಸಿರುಗುಪ್ಪದ ನಿಲ್ದಾಣದಲ್ಲಿ ಕಂಟ್ರೋಲರ್ ಕೋಣೆಯ ಕಿಟಕಿಗೆ ಅಡ್ಡಡ್ಡ ಕಂಬಿ ಹಾಕಿದ್ದರು. ಕಂಬಿಯ ಆಚೆ ನಿಂತವರು ಭತ್ತದ ವ್ಯಾಪಾರಿಯಿರಲಿ, ಬಳ್ಳಾರಿಯ ವಿಮ್ಸ್ ಆಸ್ಪತ್ರೆಗೆ ಹೊರಟ ಬಸುರಿಯಿರಲಿ, ಕಾಲೇಜು ಹುಡುಗರಿರಲಿ, ಕೇಳುವುದು ಒಂದೇ ಮಾತು: "ಬಸ್ಸು ಎಲ್ಲೈತ್ರೀ?" ಬಂತಾ ಅಂತ ಯಾರೂ ಕೇಳುತ್ತಿರಲಿಲ್ಲ. ಬಂದಿಲ್ಲ ಅನ್ನುವುದು ಅವರ ಕಣ್ಣಿಗೇ ಕಾಣುತ್ತಿತ್ತಲ್ಲ. ಇನ್ನೊಂದು ಚಹಾಕ್ಕೆ ಟೈಮಿದೆಯೋ, ಗೊಬ್ಬರದ ಅಂಗಡಿಗೆ ಹೋಗಿ ಬರಬಹುದೋ, ಟೆಂಪೋ ಹಿಡಿಯುವುದೇ ವಾಸಿಯೋ, ಈ ಎಲ್ಲ ಲೆಕ್ಕವೂ ನಾನು ಕೊಡುವ ಒಂದು ಉತ್ತರದ ಮೇಲೆ ನಿಂತಿರುತ್ತಿತ್ತು.

1984ರಲ್ಲಿ ಕಂಡಕ್ಟರ್ ಆಗಿ ಸೇರಿ, ಹದಿನೈದು ವರ್ಷ ಚೀಲ ಹೊತ್ತು, ಆಮೇಲೆ ಸಂಚಾರ ನಿಯಂತ್ರಕ ಆದೆ. ಕಾಗದದಲ್ಲಿ ಸಂಚಾರ ನಿಯಂತ್ರಕ, ಜನರ ಬಾಯಲ್ಲಿ ಕಂಟ್ರೋಲರ್, ನಮ್ಮವರ ಬಾಯಲ್ಲಿ ಟಿ.ಸಿ. ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಈ ಮೂರೂ ಕಡೆ ಕೂತಿದ್ದೇನೆ. ಸೇರಿದ್ದು ಕೆಎಸ್ಆರ್‌ಟಿಸಿಗೆ. 2000ದಲ್ಲಿ ಈಶಾನ್ಯ ಕರ್ನಾಟಕದ ನಿಗಮ ಬೇರೆಯಾದಾಗ ಕುರ್ಚಿಯಿಂದ ಏಳದೆಯೇ ಅದರ ನೌಕರನಾದೆ. ನಾನು ನಿವೃತ್ತನಾದ ಮರುವರ್ಷ, 2021ರಲ್ಲಿ, ಅದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಆಯಿತು. ಬೋರ್ಡು ಮತ್ತೆ ಮತ್ತೆ ಬರೆಸಿದರು. ಕಿಟಕಿಯ ಪ್ರಶ್ನೆ ಮಾತ್ರ ಅದೇ.

ಈಗ ಮೊಬೈಲಿನಲ್ಲಿ ಬಸ್ಸು ಕಾಣುತ್ತದಂತೆ, ಅದಕ್ಕೆ ಭಾರಿ ಖರ್ಚಂತೆ ಎಂದು ಜನ ಮಾತಾಡುವುದನ್ನು ಕೇಳಿದಾಗ ನನಗೆ ನಗು ಬರುತ್ತದೆ. ಬಸ್ಸು ಎಲ್ಲಿದೆ ಎಂದು ತಿಳಿಯುವುದು ಯಾವ ಕಾಲಕ್ಕೂ ಪುಕ್ಕಟೆ ಇರಲಿಲ್ಲ. ಯಾರ ಜೇಬಿನಿಂದ ಹೋಗುತ್ತಿತ್ತು ಅನ್ನುವುದು ಬೇರೆ ಮಾತು.

ನಮ್ಮಪ್ಪ ಕುರುಗೋಡಿನವರು. ಅವರ ಚಿಕ್ಕಂದಿನಲ್ಲಿ ಬಳ್ಳಾರಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದು. ಬಸ್ಸೆಲ್ಲ ಖಾಸಗಿ ಸಾಹುಕಾರರವು. 1939ರ ಮೋಟಾರು ವಾಹನ ಕಾಯ್ದೆಯ ಮೇಲೆ ಪರ್ಮಿಟ್ ಇತ್ತು, ವೇಳಾಪಟ್ಟಿಯೂ ಇತ್ತು. ಬಸ್ಸು ಹೊರಡುತ್ತಿದ್ದದ್ದು ಮಾತ್ರ ತುಂಬಿದ ಮೇಲೆ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದು ಇದ್ದಲಿನ ಗ್ಯಾಸಿನಿಂದ ಬಸ್ಸು ಓಡಿಸುತ್ತಿದ್ದರು. ಹಿಂದುಗಡೆ ಒಂದು ಉದ್ದನೆಯ ಒಲೆಯ ಡಬ್ಬಿ, ಅದರ ಚಕ್ರ ತಿರುಗಿಸಿ ಗಾಳಿ ಹೊಡೆಯಲು ಒಬ್ಬ ಕ್ಲೀನರ್. ಏರು ಬಂದರೆ ಜನ ಇಳಿದು ನಡೆಯುವುದು. ಕುರುಗೋಡಿನ ಗುಡ್ಡದ ಮೇಲೆ ದನ ಕಾಯುವ ಹುಡುಗರು ದೂರದ ಹೊಗೆ ನೋಡಿ, "ಬಸ್ಸು ಬಂತೂ" ಎಂದು ಕೂಗಿದರೆ ಊರಲ್ಲಿ ಹೆಂಗಸರು ಬುತ್ತಿ ಕಟ್ಟಲು ಶುರು ಮಾಡುತ್ತಿದ್ದರಂತೆ. ಆ ಹುಡುಗರಿಗೆ ಯಾರಾದರೂ ಒಂದು ಹಿಡಿ ಶೇಂಗಾ ಕೊಟ್ಟರೆ ಉಂಟು. ನನ್ನ ಲೆಕ್ಕದಲ್ಲಿ ನಮ್ಮ ಸೀಮೆಯ ಮೊದಲನೇ ಟ್ರ್ಯಾಕಿಂಗ್ ಅದೇ, ಖರ್ಚು ಒಂದು ಹಿಡಿ ಶೇಂಗಾ.

ಸಿರುಗುಪ್ಪದ ಜನಕ್ಕೆ ಇನ್ನೊಂದು ನೋಟವೂ ಇತ್ತು. ತುಂಗಭದ್ರೆಯ ಆಚೆ ದಡ ನಿಜಾಮರದು. ಅಲ್ಲಿ 1932ರ ಜೂನಿನಲ್ಲೇ ನಿಜಾಮರ ರೈಲ್ವೆ ಇಲಾಖೆ 27 ಬಸ್ಸು ಹಾಕಿ ಸರ್ಕಾರಿ ಸಾರಿಗೆ ಶುರು ಮಾಡಿತ್ತು. ರೈಲಿನವರು ನಡೆಸಿದ ಬಸ್ಸಾದ್ದರಿಂದ ಅದಕ್ಕೆ ಟೈಮಿನ ಹುಚ್ಚು. ದಕ್ಷಿಣಕ್ಕೆ ಮೈಸೂರಿನಲ್ಲಿ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಸರ್ಕಾರಿ ಸಾರಿಗೆ ಇಲಾಖೆ ಹುಟ್ಟಿತು. ನಡುವೆ ನಾವು, ಸಾಹುಕಾರರ ಬಸ್ಸಿನವರು. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯವಾದಾಗ ಆದವಾನಿ, ಆಲೂರು, ರಾಯದುರ್ಗ ಅತ್ತ ಹೋದವು. ಬಳ್ಳಾರಿ, ಸಿರುಗುಪ್ಪ ಮೈಸೂರಿಗೆ ಬಂದವು. 1961ರ ಆಗಸ್ಟ್ 1ರಂದು ಇಲಾಖೆ ಹೋಗಿ ನಿಗಮ ಆಯಿತು. ಅದೇ ದಶಕದಲ್ಲಿ ಬಸ್ ಮಾರ್ಗಗಳ ರಾಷ್ಟ್ರೀಕರಣದ "ಬಳ್ಳಾರಿ ಸ್ಕೀಮ್" ಬಂತು. ಇಂದಿಗೂ ಪರ್ಮಿಟ್ಟಿನ ತಕರಾರು ಎದ್ದರೆ ವಕೀಲರ ಬಾಯಲ್ಲಿ ಬರುವ ಹೆಸರು ಅದು. ಸ್ಕೀಮಿನ ಜೊತೆ ಕೆಂಪು ಬಸ್ಸು ಬಂತು, ಬಸ್ಸಿನ ಜೊತೆ ನಿಲ್ದಾಣ, ನಿಲ್ದಾಣದ ಜೊತೆ ಕಂಬಿಯ ಕಿಟಕಿ, ಕಿಟಕಿಯ ಹಿಂದೆ ಒಂದು ರಿಜಿಸ್ಟರ್.

ಆ ರಿಜಿಸ್ಟರ್ ಬಗ್ಗೆ ಸ್ವಲ್ಪ ಹೇಳಬೇಕು. ಉದ್ದನೆಯ ಪುಸ್ತಕ, ಮೂಲೆಗೆ ಕೆಂಪು ಬಟ್ಟೆ ಅಂಟಿಸಿದ ರಟ್ಟು. ಒಂದೊಂದು ಸಾಲು ಒಂದೊಂದು ಗಾಡಿಗೆ. ಶೆಡ್ಯೂಲ್ ನಂಬರು, ಗಾಡಿ ನಂಬರು, ಡ್ರೈವರ್ ಕಂಡಕ್ಟರ್ ಬಿಲ್ಲೆ ನಂಬರು, ಬರಬೇಕಾದ ವೇಳೆ, ಬಂದ ವೇಳೆ, ಹೊರಟ ವೇಳೆ. ಕೊನೆಗೆ ಬಲಗಡೆ ಒಂದು ಅಗಲ ಕಾಲಂ, ಷರಾ. ಕಂಡಕ್ಟರ್ ಕಿಟಕಿಯಲ್ಲಿ ಲಾಗ್‌ಶೀಟ್ ತೂರಿಸುತ್ತಿದ್ದ, ನಾನು ಟೈಮ್ ಹಾಕಿ ಸಹಿ ಮಾಡುತ್ತಿದ್ದೆ. ತಡವಾಗಿದ್ದರೆ ಷರಾದಲ್ಲಿ ಕಾರಣ. "ಹಿಂದಿನ ಒಳಗಿನ ಟಯರ್ ಪಂಕ್ಚರ್." "ಸುಗ್ಗಿ, ಭತ್ತದ ಲಾರಿ ಅಡ್ಡ." "ರಾರಾವಿ ಸೇತುವೆ ಮೇಲೆ ನೀರು." "ಕುರುಗೋಡು ತೇರು, ಗಾಡಿ ಊರ ಹೊರಗೆ ನಿಂತಿದೆ." ಒಂದು ಸಲ, "ಕ್ಯಾಂಪಿನ ಹತ್ತಿರ ಹೆರಿಗೆ, ಗಾಡಿ ನಿಲ್ಲಿಸಿದೆ" ಎಂದು ಬರೆದು, ಮೇಲಿನವರು ಒಪ್ಪುತ್ತಾರೋ ಇಲ್ಲವೋ ಎಂದು ಕೆಳಗೆ "ಗಂಡು ಮಗು" ಎಂದೂ ಸೇರಿಸಿದ್ದೆ. ಅದನ್ನು ಓದಿದ ಮೇಲೆ ಯಾವ ಸಾಹೇಬ ವಿವರಣೆ ಕೇಳುತ್ತಾನೆ?

ಬಂದ ಗಾಡಿಯ ಲೆಕ್ಕ ಹೀಗೆ. ಬಾರದ ಗಾಡಿಗೆ ಟೆಲಿಫೋನು. ಕರಿ ಫೋನಿನ ಡಯಲಿನ ತೂತಿಗೆ ಒಂದು ಚಿಕ್ಕ ಬೀಗ ಇರುತ್ತಿದ್ದ ಕಾಲ ಅದು, ಇಂದಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ಒಳಗೆ ಬರುವ ಕಾಲ್ ಎತ್ತಬಹುದು, ಹೊರಗೆ ಹಚ್ಚುವಂತಿಲ್ಲ. ರಿಸೀವರ್ ಇಡುವ ಗುಂಡಿಯನ್ನು ಟಕಟಕ ತಟ್ಟಿ, ಬೀಗ ಇದ್ದಂತೆಯೇ ನಂಬರ್ ಹಚ್ಚುವ ವಿದ್ಯೆ ಎಲ್ಲ ಕಂಟ್ರೋಲರ್‌ಗೂ ಗೊತ್ತಿತ್ತು. ಏಳಕ್ಕೆ ಏಳು ತಟ್ಟು, ಸೊನ್ನೆಗೆ ಹತ್ತು. ತಪ್ಪಿದರೆ ಬಳ್ಳಾರಿ ನಿಲ್ದಾಣದ ಬದಲು ಯಾವುದೋ ಕಿರಾಣಿ ಅಂಗಡಿ. ಹೀಗೆ ತಟ್ಟಿ ಕೇಳಿ, "ಬಳ್ಳಾರಿ ಬಿಟ್ಟು ನಲವತ್ತು ನಿಮಿಷ ಆತ್ರೀ, ಇನ್ನೇನು ತೆಕ್ಕಲಕೋಟೆ ಹತ್ರ ಇರಬೇಕು" ಎಂದು ಕಿಟಕಿಗೆ ಉತ್ತರ ಕೊಡುತ್ತಿದ್ದೆ. ಇರಬೇಕು ಅನ್ನುವ ಮಾತಿನೊಳಗೆ ಡ್ರೈವರ್ ಯಾರು, ಗಾಡಿಯ ಕೆ.ಎಂ.ಪಿ.ಎಲ್., ಅಂದರೆ ಲೀಟರಿಗೆ ಎಷ್ಟು ಕಿಲೋಮೀಟರ್, ಹೇಗಿದೆ, ಇವತ್ತು ಯಾವ ಊರಿನ ಸಂತೆ, ಎಲ್ಲ ಅಡಕವಾಗಿರುತ್ತಿತ್ತು. ಈ ತಿಳಿವಳಿಕೆಯ ಖರ್ಚು ನನ್ನ ಸಂಬಳದಲ್ಲಿತ್ತು. ಆದರೆ ಬಸ್ಸು ಹುಡುಕುವ ಖರ್ಚು ಎಂದು ಯಾವ ಬಜೆಟ್ಟಿನಲ್ಲೂ ಅದಕ್ಕೊಂದು ಸಾಲಿರಲಿಲ್ಲ. ಹಾಗಾಗಿ ಪುಕ್ಕಟೆ ಎಂದೇ ಎಲ್ಲರೂ ತಿಳಿದಿದ್ದರು. ನಾವೂ ಹಾಗೇ ತಿಳಿದಿದ್ದೆವು.

ಮೊಬೈಲ್ ಬಂದ ಮೇಲೆ ಆ ಖರ್ಚು ಸದ್ದಿಲ್ಲದೆ ಕಂಡಕ್ಟರ್ ಜೇಬಿಗೆ ದಾಟಿತು. ದಿನಾ ಓಡಾಡುವ ಮೇಷ್ಟ್ರುಗಳು, ನರ್ಸಮ್ಮಗಳು, ಹಾಲಿನವರು, ಎಲ್ಲರ ಫೋನಿನಲ್ಲೂ "ಫಸ್ಟ್ ಬಸ್ ಕಂಡಕ್ಟರ್" ಎಂದು ಒಂದು ನಂಬರು. "ಅಣ್ಣಾ, ಎಲ್ಲಿದೀರಿ?" "ಸಿಂಧಿಗೇರಿ ಬಿಟ್ವಮ್ಮ, ರಸ್ತೆಗೆ ಬಾ." ವಸ್ತಿ ಬಸ್ಸಿನವರ ಕಥೆ ಕೇಳಲೇಬೇಡಿ. ರಾತ್ರಿ ಹಳ್ಳಿಯಲ್ಲೇ ಗಾಡಿ ನಿಲ್ಲಿಸಿ, ಗುಡಿಕಟ್ಟೆಯ ಮೇಲೋ ಸೀಟಿನ ಮೇಲೋ ಮಲಗಿದವರಿಗೆ ಬೆಳಿಗ್ಗೆ ನಾಲ್ಕೂವರೆಗೇ ಫೋನು: "ಇವತ್ತು ಬಸ್ಸು ಹೊಂಡ್ತೈತಿ ಹೌದಲ್ರೀ?" ಟಿಕೆಟ್ ಹರಿಯುತ್ತ, ಚಿಲ್ಲರೆ ಕೊಡುತ್ತ, ಒಂದು ಭುಜಕ್ಕೆ ಫೋನ್ ಒತ್ತಿಕೊಂಡು ಉತ್ತರ ಕೊಡುತ್ತಿದ್ದ ಹುಡುಗರನ್ನು ನಾನು ಕಂಡಿದ್ದೇನೆ. ರೀಚಾರ್ಜ್ ಅವರದೇ.

ಇಷ್ಟರಲ್ಲಿ ಮೈಸೂರಿನಿಂದ ಸುದ್ದಿ ಬಂತು. 2012ರಲ್ಲಿ ಅಲ್ಲಿ ನಗರ ಬಸ್ಸುಗಳಿಗೆ ಜಿಪಿಎಸ್ ಹಾಕಿ, ನಿಲ್ದಾಣಗಳಲ್ಲಿ ಬೋರ್ಡು ಹಚ್ಚಿ, ಯಾವ ಬಸ್ಸು ಎಷ್ಟು ನಿಮಿಷಕ್ಕೆ ಬರುತ್ತದೆ ಎಂದು ತೋರಿಸಲು ಶುರು ಮಾಡಿದರು. "ಮಿತ್ರ" ಎಂದು ಹೆಸರು. ದೇಶದಲ್ಲೇ ಮೊದಲು ಎಂದು ಹೆಮ್ಮೆಪಟ್ಟರು, ಹೆಮ್ಮೆ ಪಡುವಂಥದ್ದೇ. ಅದಕ್ಕೆ ಕೋಟಿಗಟ್ಟಲೆ ಖರ್ಚು. ಕೇಂದ್ರದ ನಗರ ಸಾರಿಗೆ ಯೋಜನೆಯ ಮೂಲಕ ವಿಶ್ವಬ್ಯಾಂಕ್ ಮತ್ತು ಜಾಗತಿಕ ಪರಿಸರ ನಿಧಿಯ ನೆರವು ಅದರ ಹಿಂದಿತ್ತು. ಹುಬ್ಬಳ್ಳಿ ಧಾರವಾಡದ ಚಿಗರಿ ಬಸ್ಸು 2018ರ ಅಕ್ಟೋಬರಿನಲ್ಲಿ ಓಡಲು ಶುರುವಾದಾಗಲೂ ಹಿಂದೆ ಇದ್ದದ್ದು ಅದೇ ಯೋಜನೆಯ ಕೈ. ಬೆಂಗಳೂರಿನ ಬಿಎಂಟಿಸಿ 2016ರಲ್ಲಿ ತನ್ನ ಆರು ಸಾವಿರಕ್ಕೂ ಹೆಚ್ಚು ಬಸ್ಸುಗಳಿಗೆ ಇಂಥದ್ದೊಂದು ವ್ಯವಸ್ಥೆ ತಂದಿತು, ಮೊದಲನೆಯದು ಕುಂಟಿತು, 2023ರಲ್ಲಿ "ನಮ್ಮ ಬಿಎಂಟಿಸಿ" ಎಂಬ ಹೊಸ ಆ್ಯಪ್ ಬಂತು. ದೊಡ್ಡವರು ಎಡವಿದರೆ ಎದ್ದು ಎರಡನೇ ಸಲ ನಡೆಯುತ್ತಾರೆ. ಸಣ್ಣವರಿಗೆ ಒಂದೇ ಸಲ.

ಜನ ತಿಳಿದಿರುವಂತೆ ಉಪಗ್ರಹ ಬಸ್ಸನ್ನು ನೋಡುವುದಿಲ್ಲ. ಬಸ್ಸಿನಲ್ಲಿ ಕೂರಿಸಿದ ಜಿಪಿಎಸ್ ಡಬ್ಬಿಯೇ ಆಕಾಶದ ಕಡೆ ಕಿವಿ ಕೊಟ್ಟು, ಉಪಗ್ರಹಗಳು ಸಾರುವ ವೇಳೆ ಕೇಳಿಸಿಕೊಂಡು, ತಾನೆಲ್ಲಿದ್ದೇನೆ ಎಂದು ಲೆಕ್ಕ ಹಾಕುತ್ತದೆ. ಕೇಳುವುದಕ್ಕೆ ಕಾಸಿಲ್ಲ. ಅಮೆರಿಕದ ಜಿಪಿಎಸ್ ಜನಸಾಮಾನ್ಯರಿಗೂ ನಿಖರವಾಗಿ ಸಿಗುವಂತಾದದ್ದು 2000ದ ಮೇ ತಿಂಗಳಿಂದ. ನಮ್ಮ ಇಸ್ರೋದ ನಾವಿಕ್ ಸಾಲಿನ ಮೊದಲ ಉಪಗ್ರಹ ಹಾರಿದ್ದು 2013ರಲ್ಲಿ. ಎರಡೂ ಪುಕ್ಕಟೆ. ಕಾಸು ಬೇಕಾಗುವುದು ಕೇಳಿದ್ದನ್ನು ಹೇಳುವುದಕ್ಕೆ. ಡಬ್ಬಿಯೊಳಗೆ ಒಂದು ಸಿಮ್ ಕೂತಿರುತ್ತದೆ, ಹದಿಮೂರು ಅಂಕಿ ನಂಬರಿನದು, ಮನುಷ್ಯರಿಗೆ ಕೊಡುವಂಥದ್ದಲ್ಲ. ಅದು ಕೆಲವು ಸೆಕೆಂಡಿಗೊಮ್ಮೆ "ಇಲ್ಲಿದ್ದೇನೆ, ಇಲ್ಲಿದ್ದೇನೆ" ಎಂದು ಸರ್ವರಿಗೆ ವರದಿ ಒಪ್ಪಿಸುತ್ತಿರಬೇಕು. ತಿಂಗಳು ತಿಂಗಳು ಅದರ ಬಾಡಿಗೆ.

ಡಬ್ಬಿಯ ಬೆಲೆ ಎಲ್ಲರಿಗೂ ಗೊತ್ತು, ಯಾಕೆಂದರೆ ಸರ್ಕಾರವೇ ಗೊತ್ತು ಮಾಡಿತ್ತು. 2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸಿನಲ್ಲಿ ಆ ಹೆಣ್ಣುಮಗಳ ಮೇಲೆ ನಡೆದ ಕ್ರೌರ್ಯದ ನಂತರ, 2016ರಲ್ಲಿ ಕೇಂದ್ರ ನಿಯಮ ತಂದಿತು: ಸಾರ್ವಜನಿಕ ವಾಹನಗಳಿಗೆ ಜಾಗ ತಿಳಿಸುವ ಡಬ್ಬಿ, ತುರ್ತು ಗುಂಡಿ. ಕರ್ನಾಟಕ 2023ರ ನವೆಂಬರಿನಲ್ಲಿ ಅದನ್ನು ಕಡ್ಡಾಯ ಮಾಡಿ ಜಿಎಸ್‌ಟಿ ಬಿಟ್ಟು 7,599 ರೂಪಾಯಿ ಎಂದು ದರ ಕಟ್ಟಿತು. ಶೇಕಡಾ 18ರ ತೆರಿಗೆ ಸೇರಿಸಿದರೆ ಒಂಬತ್ತು ಸಾವಿರದ ಹತ್ತಿರ. ಬಸ್ಸಿನ ಒಂದು ಹೊಸ ಟಯರೂ ಆ ದುಡ್ಡಿಗೆ ಬರುವುದಿಲ್ಲ. ಇದನ್ನೇ ಹಿಡಿದು "ಬಸ್ಸಿಗೆ ಒಂಬತ್ತು ಸಾವಿರ ಹಾಕಲಾರದಷ್ಟು ಬಡತನವೇ" ಎಂದು ಕೇಳುವವರಿದ್ದಾರೆ. ಆ ಡಬ್ಬಿ ಹುಟ್ಟಿದ್ದು ಅಪಾಯದ ಹೊತ್ತಿಗೆ ಬಸ್ಸು ಎಲ್ಲಿದೆ ಎಂದು ಕಂಟ್ರೋಲ್ ರೂಮಿಗೆ ತಿಳಿಸಲು. ರಸ್ತೆಬದಿ ನಿಂತ ಮುದುಕಿಗೆ ಬಸ್ಸು ಯಾವಾಗ ಬರುತ್ತದೆ ಎಂದು ತಿಳಿಸಲು ಅದೊಂದೇ ಸಾಲದು.

ಮುದುಕಿಗೆ ತಿಳಿಸಬೇಕಾದರೆ ಮೊದಲು ಅವಳು ನಿಂತ ಜಾಗ ಯಂತ್ರಕ್ಕೆ ಗೊತ್ತಿರಬೇಕು. ನಮ್ಮಲ್ಲಿರುವುದು ಸ್ಟೇಜ್ ಪಟ್ಟಿ, ಅಂದರೆ ಎಲ್ಲಿಂದ ಎಲ್ಲಿಗೆ ಎಷ್ಟು ದರ ಎನ್ನುವುದು. ಸ್ಟೇಜಿನ ನಡುವೆ ಬಸ್ಸು ನಿಲ್ಲುವ ಜಾಗಗಳಿಗೆ ಕಾಗದವೇ ಇಲ್ಲ. ಕಾಲುವೆ ಕ್ರಾಸು, ಜೋಡಿ ಬೇವಿನಗಿಡ, ರೈಸ್‌ಮಿಲ್ಲು, ಇಂಥ ಕ್ಯಾಂಪು, ಅಂಥ ಕ್ಯಾಂಪು. ತುಂಗಭದ್ರೆಯ ನೀರು ಬಂದ ಮೇಲೆ ಆಂಧ್ರದಿಂದ ಬಂದು ಗದ್ದೆ ಮಾಡಿದವರ ಕ್ಯಾಂಪುಗಳಿಗೆ ಕಂಡಕ್ಟರ್ ಇಟ್ಟ ಹೆಸರು ಒಂದು, ಊರವರು ಕರೆಯುವುದು ಇನ್ನೊಂದು. ಇವೆಲ್ಲದರ ಅಕ್ಷಾಂಶ ರೇಖಾಂಶ ಯಾರಾದರೂ ಬಸ್ಸಿನಲ್ಲಿ ಕೂತು, ಒಂದೊಂದು ಕಡೆ ಇಳಿದು ಬರೆದುಕೊಳ್ಳಬೇಕು. ಆಮೇಲೆ ಶೆಡ್ಯೂಲ್ ಬದಲಾದಾಗಲೆಲ್ಲ, ಗಾಡಿ ಬದಲಾದಾಗಲೆಲ್ಲ, ಸೇತುವೆ ಮುಳುಗಿ ದಾರಿ ತಪ್ಪಿಸಿದಾಗಲೆಲ್ಲ ಯಾರಾದರೂ ಕೂತು ಅದನ್ನು ತಿದ್ದಬೇಕು. ಇವತ್ತು 12ನೇ ನಂಬರ್ ಶೆಡ್ಯೂಲಿನ ಗಾಡಿ ಬ್ರೇಕ್‌ಡೌನ್ ಆಗಿ ಬದಲಿ ಗಾಡಿ ಹೋಯಿತೆನ್ನಿ. ಡಿಪೋದಲ್ಲಿ ಅದನ್ನು ಕಂಪ್ಯೂಟರಿಗೆ ಹೇಳದಿದ್ದರೆ ಫೋನಿನಲ್ಲಿ ಬಸ್ಸು ಡಿಪೋದಲ್ಲೇ ನಿಂತಿರುತ್ತದೆ, ರಸ್ತೆಯಲ್ಲಿ ನಿಮ್ಮ ಮುಂದೆ ಹಾದು ಹೋಗಿರುತ್ತದೆ. ಡಬ್ಬಿ ಕೊಳ್ಳಲು ಟೆಂಡರ್ ಕರೆಯುತ್ತಾರೆ. ಈ ತಿದ್ದುವ ಮನುಷ್ಯನಿಗೆ ಹುದ್ದೆ ಯಾರು ಮಂಜೂರು ಮಾಡುತ್ತಾರೆ?

ಹೆಸರು ಬೇಡ, ಒಂದು ಊರಿನ ನಿಲ್ದಾಣದಲ್ಲಿ ದೊಡ್ಡ ಎಲೆಕ್ಟ್ರಾನಿಕ್ ಬೋರ್ಡು ಹಾಕಿದ್ದನ್ನು ನೋಡಲು ಹೋಗಿದ್ದೆ. ಕೆಂಪು ಅಕ್ಷರದಲ್ಲಿ ಸೊನ್ನೆ ಸೊನ್ನೆ ಚುಕ್ಕಿ ಸೊನ್ನೆ ಸೊನ್ನೆ. ಅದರ ಕೆಳಗೆ ಅಲ್ಲಿನ ಕಂಟ್ರೋಲರ್ ಒಂದು ಕರಿಹಲಗೆ ನೇತು ಹಾಕಿ ಸೀಮೆಸುಣ್ಣದಲ್ಲಿ ವೇಳೆ ಬರೆದಿದ್ದರು. ಜನ ಹಲಗೆ ನೋಡುತ್ತಿದ್ದರು. ಯಾಕೆ ಹೀಗೆ ಎಂದು ಕೇಳಿದೆ. "ಬೋರ್ಡು ಕೆಟ್ಟಿಲ್ಲ ಸಾರ್, ಎಗ್ರಿಮೆಂಟ್ ಮುಗಿದೈತಿ" ಎಂದರು. ಗೆಳೆಯನೊಬ್ಬ, ಹಳೇ ಡ್ರೈವರ್, ಇನ್ನೊಂದು ಕಥೆ ಹೇಳಿದ. ಅವನ ವಸ್ತಿ ಗಾಡಿಯ ಬ್ಯಾಟರಿ ಮೊದಲೇ ವೀಕು. ರಾತ್ರಿಯೆಲ್ಲ ಡಬ್ಬಿ ಒಂದಿಷ್ಟು ಕರೆಂಟ್ ಕುಡಿಯುತ್ತದೆ. ಬೆಳಿಗ್ಗೆ ಸೆಲ್ಫ್ ಎತ್ತದೆ ಊರ ಹುಡುಗರು ತಳ್ಳಿ ಸ್ಟಾರ್ಟ್ ಮಾಡಿದರು. ಮರುದಿನದಿಂದ ಇವನು ರಾತ್ರಿ ಬ್ಯಾಟರಿ ವೈರ್ ಬಿಚ್ಚಿಟ್ಟು ಮಲಗಿದ. ಎಲ್ಲೋ ದೂರದ ಪರದೆಯಲ್ಲಿ "ವೈರ್ ಕಿತ್ತಿದ್ದಾರೆ" ಎಂದು ಸಂದೇಶ ಹೋಗಿರಬೇಕು. ವಿವರಣೆ ಕೇಳುವ ಕಾಗದ ಬರುತ್ತದೆಂದು ಅವನು ಕಾದ. ಬರಲಿಲ್ಲ. ಅದನ್ನು ನೋಡುವವರೂ ಇರಲಿಲ್ಲವೋ ಏನೋ ಎಂದು ಅವನಿಗೇ ಬೇಜಾರಾಯಿತಂತೆ.

ಲೆಕ್ಕದ ಕಷ್ಟ ಇರುವುದು ಇಲ್ಲಿ. ಸರ್ವರು, ಸಾಫ್ಟ್‌ವೇರು, ಪರದೆ ಮುಂದೆ ಮೂರು ಪಾಳಿಯಲ್ಲಿ ಕೂರುವ ಜನ, ಇವು ನೂರು ಬಸ್ಸಿಗೂ ಬೇಕು, ಆರು ಸಾವಿರ ಬಸ್ಸಿಗೂ ಬೇಕು. ಆರು ಸಾವಿರಕ್ಕೆ ಭಾಗಿಸಿದರೆ ಬಸ್ಸೊಂದಕ್ಕೆ ಬೀಳುವುದು ಚಿಲ್ಲರೆ. ನೂರಕ್ಕೆ ಭಾಗಿಸಿದರೆ ಸಿ.ಪಿ.ಕೆ.ಎಂ. ಮೇಲೇಳುತ್ತದೆ, ಅಂದರೆ ಕಿಲೋಮೀಟರಿನ ಖರ್ಚು. ನಮ್ಮ ನಿಗಮ ಬೀದರದಿಂದ ಬಳ್ಳಾರಿಯವರೆಗೆ ಹರಡಿದೆ, ಬಸ್ಸು ಕಡಿಮೆಯೇನಲ್ಲ, ಆದರೆ ಅವು ಹಳ್ಳಿ ಹಳ್ಳಿಗೆ ಚದುರಿವೆ. ಬೆಂಗಳೂರಿನಲ್ಲಿ ಬಸ್ಸು ಎಲ್ಲಿದೆಯೆಂದು ಗೊತ್ತಾಗದಿದ್ದರೆ ಹೋಗುವುದು ಹತ್ತು ನಿಮಿಷ, ಹಿಂದೆಯೇ ಇನ್ನೊಂದು ಬರುತ್ತದೆ. ಸಿರುಗುಪ್ಪ ತಾಲೂಕಿನ ಹೊಳೆದಂಡೆಯ ಊರಿಗೆ ದಿನಕ್ಕೆ ಎರಡು ಟ್ರಿಪ್ ಇದ್ದರೆ, ಒಂದು ತಪ್ಪಿದವನಿಗೆ ಹೋಗುವುದು ಒಂದು ದಿನದ ಕೂಲಿ. ಯಾರಿಗೆ ಹೆಚ್ಚು ಬೇಕೋ ಅವರ ಬಸ್ಸಿಗೇ ಹೆಚ್ಚು ದುಬಾರಿ. ವಿಶ್ವಬ್ಯಾಂಕಿನವರು ಮೈಸೂರಿಗೆ ಬಂದರು, ಧಾರವಾಡಕ್ಕೆ ಬಂದರು. ಕುರುಗೋಡಿನ ದೊಡ್ಡಬಸಪ್ಪನ ದರ್ಶನಕ್ಕಾದರೂ ಬರಬಹುದಿತ್ತು.

ಮಂಗಳೂರಿನ ಖಾಸಗಿ ಬಸ್ಸಿನವರು ಬೇರೆ ದಾರಿ ಹಿಡಿದರು. ಒಂದೆರಡು ಬಸ್ಸು ಇಟ್ಟುಕೊಂಡ ಮಾಲೀಕರೂ ಸೇರಿ, "ಚಲೋ" ಎಂಬ ಕಂಪನಿಯ ಟಿಕೆಟ್ ಯಂತ್ರ, ಕಾರ್ಡು, ಆ್ಯಪ್ ತಂದುಕೊಂಡರು. ಯಂತ್ರ, ಸರ್ವರು, ರಿಪೇರಿ ಕಂಪನಿಯ ತಲೆನೋವು, ಅದಕ್ಕೆ ತಕ್ಕ ದುಡ್ಡು ಕೊಡುವುದು ಮಾಲೀಕರ ಪಾಲು. ಹೊಸ ಟಿಕೆಟ್ ಯಂತ್ರಗಳೆಲ್ಲ ಆಂಡ್ರಾಯ್ಡ್ ಫೋನಿನ ಅಣ್ಣತಮ್ಮಂದಿರು, ಒಳಗೇ ಜಿಪಿಎಸ್ ಇರುತ್ತದೆ. ಬೇರೆ ಡಬ್ಬಿ ಬೇಕಿಲ್ಲ. ನಮ್ಮ ಸರ್ಕಾರಿ ಬಸ್ಸಿನಲ್ಲಂತೂ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಶೂನ್ಯ ಟಿಕೆಟ್ ಕೊಡಲೇಬೇಕಾದ್ದರಿಂದ ಹೆಂಗೂ ಆ ಯಂತ್ರ ಇಡೀ ಹೊತ್ತು ಕಂಡಕ್ಟರ್ ಕೈಯಲ್ಲೇ ಇರುತ್ತದೆ. ಸಣ್ಣವರಿಗೆ ಇದೇ ಅಗ್ಗದ ದಾರಿ ಎಂದು ನನಗೂ ತೋರುತ್ತದೆ. ಒಂದೇ ಅನುಮಾನ: ಎಗ್ರಿಮೆಂಟ್ ಮುಗಿದ ದಿನ ಇಷ್ಟು ವರ್ಷದ ಬಸ್ಸಿನ ಓಡಾಟದ ಲೆಕ್ಕ ಯಾರದು, ನಮ್ಮದೋ ಅವರದೋ? ಹಳೇ ರಿಜಿಸ್ಟರ್ ರದ್ದಿಗೆ ಹಾಕಿದರೂ ನಾವೇ ಹಾಕುತ್ತಿದ್ದೆವು.

ಇನ್ನೂ ಅಗ್ಗದ್ದೊಂದು ಇದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಅಮೆರಿಕದ ಪೋರ್ಟ್‌ಲ್ಯಾಂಡ್ ಎಂಬ ಊರಿನ ಬಸ್ ಸಂಸ್ಥೆಯವರು 2005ರಲ್ಲಿ ಗೂಗಲಿನ ಜೊತೆ ಕೂತು ವೇಳಾಪಟ್ಟಿ ಬರೆಯುವ ಒಂದು ಕ್ರಮ ಮಾಡಿದರು. ಅದು ಬರೀ ಪಠ್ಯದ ಕಡತ. ಯಾವ ನಿಲ್ದಾಣ, ಎಲ್ಲಿದೆ, ಯಾವ ಟ್ರಿಪ್ ಎಷ್ಟಕ್ಕೆ. ಒಬ್ಬ ಗುಮಾಸ್ತ, ಒಂದು ಕಂಪ್ಯೂಟರ್ ಇದ್ದರೆ ಸಾಕು. ಇವತ್ತು ಜಗತ್ತಿನ ಬಹುಪಾಲು ಬಸ್ಸಿನ ಆ್ಯಪ್‌ಗಳು ಓದುವುದು ಅದೇ ಕ್ರಮವನ್ನು. ಬಸ್ಸು ಈಗ ಎಲ್ಲಿದೆ ಎಂದು ಹೇಳಲಾಗದಿದ್ದರೂ ಬಸ್ಸು ಉಂಟು, ಇಷ್ಟು ಗಂಟೆಗೆ ಉಂಟು ಎಂದು ಹೇಳುತ್ತದೆ. ನಿವೃತ್ತನಾದ ಮೇಲೆ ಮೊಮ್ಮಗಳನ್ನು ಕೂರಿಸಿಕೊಂಡು ನಾನೂ ಪ್ರಯತ್ನ ಮಾಡಿದೆ. ನಾನು ಹೇಳುವುದು, ಅವಳು ಲ್ಯಾಪ್‌ಟಾಪಿನಲ್ಲಿ ಬರೆಯುವುದು. ಸಿರುಗುಪ್ಪದಿಂದ ಬಳ್ಳಾರಿಗೆ ನಿಲ್ಲುವ ಜಾಗಗಳನ್ನು ಹೇಳುತ್ತ ಹೋದೆ. ಮೂವತ್ತು ದಾಟಿದ ಮೇಲೆ ಅವಳು ತಲೆ ಎತ್ತಿ, "ತಾತಾ, ಜೋಡಿ ಬೇವಿನಗಿಡ ಮ್ಯಾಪಿನಾಗ ಇಲ್ಲ" ಎಂದಳು. ಅದು ನನಗೂ ಗೊತ್ತು. ರಸ್ತೆ ಅಗಲ ಮಾಡುವಾಗ ಒಂದನ್ನು ಕಡಿದರು, ಇನ್ನೊಂದು ತಾನಾಗಿ ಒಣಗಿತು. ಬಸ್ಸು ಈಗಲೂ ಅಲ್ಲೇ ನಿಲ್ಲುತ್ತದೆ.

ಹೋದ ಸುಗ್ಗಿಯಲ್ಲಿ ಅವಳು ಬಳ್ಳಾರಿಯಿಂದ ಸಂಜೆ ಬಸ್ಸಿಗೆ ಬರುವವಳಿದ್ದಳು. ಹೊಸ ಬಸ್ ನಿಲ್ದಾಣ ಬಿಡುವಾಗಲೇ ವಾಟ್ಸಾಪಿನಲ್ಲಿ ಲೈವ್ ಲೊಕೇಷನ್ ಕಳಿಸಿದಳು. ನಾನು ಸಿರುಗುಪ್ಪದಲ್ಲಿ, ಕಿಟಕಿಯ ಈಚೆ, ಅಂದರೆ ಪ್ಯಾಸೆಂಜರ್ ಕಡೆ, ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಚುಕ್ಕಿ ಹರಿಯುತ್ತ ಬಂತು. ತೆಕ್ಕಲಕೋಟೆ ಇನ್ನೂ ಬಂದಿರಲಿಲ್ಲ, ನಿಂತುಬಿಟ್ಟಿತು. ಐದು ನಿಮಿಷ, ಹತ್ತು ನಿಮಿಷ. ಪಕ್ಕದಲ್ಲಿ ಕೂತ ಗಂಡಸು ನನ್ನ ಫೋನ್ ಇಣುಕಿ, "ಎಲ್ಲೈತ್ರೀ?" ಅಂದ. ತೋರಿಸಿದೆ. "ಯಾಕ್ ನಿಂತೈತ್ರೀ?" ಅಂದ. ಅದು ಚುಕ್ಕಿಗೆ ಗೊತ್ತಿರುವುದಿಲ್ಲ. ಫೋನ್ ಹಚ್ಚಿದೆ. "ಭತ್ತದ ಲಾರಿ ತಾತಾ, ಟ್ರ್ಯಾಕ್ಟರ್‌ಗೆ ಸೈಡ್ ಕೊಡಾಕ ಹೋಗಿ ಅಡ್ಡ ಬಿದ್ದೈತಿ. ಮೂಟೆ ಎತ್ತಾಕತ್ಯಾರ." ಇನ್ನು ಕಾಲು ಗಂಟೆ ಎಂದು ಪಕ್ಕದವನಿಗೆ ಹೇಳಿದೆ. ಅವನು ಎದ್ದು ಚಹಾಕ್ಕೆ ಹೋದ.

ಬಸ್ಸು ಬಂತು. ಕಂಡಕ್ಟರ್ ಹುಡುಗ ಇಳಿದು ಲಾಗ್‌ಶೀಟ್ ಹಿಡಿದು ಕಿಟಕಿಗೆ ಓಡಿದ. ಮೊಮ್ಮಗಳು ಚೀಲ ಹೆಗಲಿಗೇರಿಸಿ ಇಳಿದಳು.

"ಎಷ್ಟು ಲೇಟ್ ತಾತಾ?"

"ಇಪ್ಪತ್ತಾರು ನಿಮಿಷ" ಅಂದೆ. "ಫೋನಿನಾಗ ಚಾರ್ಜ್ ಎಷ್ಟೈತಿ?"

ಅವಳು ನೋಡಿ, "ಮೂರು ಪರ್ಸೆಂಟ್" ಎಂದಳು.